ಸುಮ್ಮನೆ ನಿಂತ ಗಾಡಿ

ಜೂನ್ 9

ಗುಬ್ಬಿ ಮಾತು ಬಿಟ್ಟು ಎರಡು ತಿಂಗಳಾಯಿತು.

ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ತಕ್ಷಣ ಒಂದು ಸಲಹೆ ಬಂದು ಬೀಳುತ್ತದೆ. ಟೀವಿ ಬಿಡಿಸಿ ಅನ್ನುವವರು ಒಬ್ಬರು, ಟೀವಿ ಹಾಕಿಕೊಡಿ ಅನ್ನುವವರು ಇನ್ನೊಬ್ಬರು. ಅದಕ್ಕೇ ಬರೆಯಲು ಕೂತಿದ್ದೇನೆ. ಹಾಳೆ ಸಲಹೆ ಕೊಡುವುದಿಲ್ಲ.

ನನ್ನ ಮಗಳಿಗೆ ಏಳು ವರ್ಷ. ಎದ್ದಾಗಿನಿಂದ ಮಲಗುವವರೆಗೆ ವಟವಟ ಅನ್ನುತ್ತಲೇ ಇದ್ದವಳು, ಗುಬ್ಬಿ ಅನ್ನುವ ಹೆಸರು ಬಿದ್ದಿದ್ದೇ ಅದಕ್ಕೆ. ಆ ದಿನ ಮೇಲಿನ ಮಹಡಿಯ ಗೆಳತಿಯ ಮನೆಯಿಂದ ಒಬ್ಬಳೇ ಇಳಿದು ಬರುವಾಗ ಕರೆಂಟು ಹೋಗಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗಿನ ಗಂಟೆ ಕೆಟ್ಟಿತ್ತು. ಗೆಳತಿಯ ಮನೆಯಲ್ಲಿದ್ದಾಳೆ ಅಂತ ನಾವು, ಮನೆ ಸೇರಿದ್ದಾಳೆ ಅಂತ ಅವರು. ಕರೆಂಟು ಬಂದು ಬಾಗಿಲು ತೆರೆದಾಗ ಮೂಲೆಯಲ್ಲಿ ಮಂಡಿ ಮಡಚಿ ಕೂತಿದ್ದಳು. ಅಳುತ್ತಿರಲಿಲ್ಲ. "ಎಷ್ಟು ಜಾಣೆ ನೋಡಿ, ಒಂಚೂರೂ ಸದ್ದು ಮಾಡ್ದೆ ಕೂತಿದೆ ಮಗು," ಅಂದ ವಾಚ್‌ಮನ್. ನೆರೆದವರೆಲ್ಲ ತಲೆ ಸವರಿದರು. ಯಾರೋ ಚಾಕೊಲೇಟು ಕೊಟ್ಟರು. ಮಾರನೇ ದಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಗಂಟಲು ಊದಿದೆಯಲ್ಲ, ತುಂಬಾ ಹೊತ್ತು ಕೂಗಿದಾಳೆ," ಅಂದರು. ಊತ ಇಳಿಯಿತು. ಮಾತು ಬರಲಿಲ್ಲ.

ಈಗ ಎಲ್ಲರೂ ನಮ್ಮ ನಮ್ಮ ಕೈಲಾದದ್ದು ಮಾಡುತ್ತಿದ್ದೇವೆ. ವಾರಕ್ಕೆರಡು ಸಲ ಥೆರಪಿಸ್ಟ್ ಮೇಡಂ ಬಂದು ಉಸಿರಾಟದ ಅಭ್ಯಾಸ ಮಾಡಿಸುತ್ತಾರೆ. ನನ್ನ ಗಂಡ ರಜೆಯ ದಿನ ಈಜಿಗೆ ಕರೆದೊಯ್ಯುತ್ತಾರೆ. ನಾನು ದಿನಾ ಸಂಜೆ ಚಿತ್ರದ ಕಾರ್ಡುಗಳನ್ನು ಹಿಡಿದು ಕೋತಿಯ ಹಾಗೆ ಕುಣಿಯುತ್ತೇನೆ. ಇನ್ನು ಅತ್ತೆ. ಸುದ್ದಿ ತಿಳಿದ ಕೂಡಲೇ ಒಂದು ಬಟ್ಟೆಯ ಚೀಲ ಹಿಡಿದು ಬಂದರು, ಗುಬ್ಬಿಯ ಕೋಣೆಯಲ್ಲಿ ಗೋಡೆಗೊರಗಿ ಕೂತರು. ಅಷ್ಟೇ. ಕೂತೇ ಇದ್ದಾರೆ. ಕಥೆ ಹೇಳುವುದಿಲ್ಲ, ಮಾತಾಡು ಪುಟ್ಟೀ ಅಂತ ಒಂದು ಮಾತಿಲ್ಲ. ಮಧ್ಯಾಹ್ನವಾದರೆ ಬಾಯಿ ತೆರೆದು ಗೊರಕೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಜೂನ್ 17

ಕೆಲಸದ ಬಗ್ಗೆ ಯೋಚಿಸಿದರೆ ಸ್ವಲ್ಪ ಉಸಿರಾಡಬಹುದು ಅಂದುಕೊಂಡೆ. ಅಲ್ಲೂ ಅದೇ ಗೋಳು.

ನಮ್ಮ ತಂಡ ತಯಾರು ಮಾಡುತ್ತಿರುವುದು ಒಂದು ದೊಡ್ಡ ಔಷಧ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಓಡುವ ಗಾಡಿಗಳನ್ನು. ಸ್ಟೂಲಿನಷ್ಟು ಎತ್ತರ, ಓಡಿಸುವವರು ಯಾರೂ ಇಲ್ಲ. ಹದಿನಾಲ್ಕು ಗಾಡಿಗಳೂ ಕಂಪ್ಯೂಟರಿನೊಳಗಿನ ನಕಲಿ ಗೋದಾಮಿನಲ್ಲಿ ತಪ್ಪು ಮಾಡುತ್ತ, ಸರಿ ಮಾಡುತ್ತ ತಾವೇ ಕಲಿಯಬೇಕು. ಅವಕ್ಕೆ ಮೇಷ್ಟ್ರ ಪಾಠವಿಲ್ಲ, ಸಂಜೆ ಒಂದು ಅಂಕ ಮಾತ್ರ: ಇವತ್ತು ಎಷ್ಟು ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ಬಾಗಿಲು ಮುಟ್ಟಿದವು ಅಂತ. ಆ ಅಂಕ ಹದಿನಾಲ್ಕಕ್ಕೂ ಸೇರಿ ಒಂದೇ. ಒಂದು ಮನೆಯ ಮಕ್ಕಳಿಗೆಲ್ಲ ಸೇರಿ ಒಂದೇ ಮಾರ್ಕ್ಸ್ ಕಾರ್ಡು ಕೊಟ್ಟರೆ ಹೇಗೋ ಹಾಗೆ. ದುಡಿದದ್ದು ಯಾವುದು, ಕಳ್ಳ ಬಿದ್ದದ್ದು ಯಾವುದು? ಬೆಳಗ್ಗೆ ಯಾರೋ ಬದಿಗೆ ಸರಿದು ದಾರಿ ಬಿಟ್ಟಿದ್ದಕ್ಕೆ ಸಂಜೆ ಒಳ್ಳೆಯ ಅಂಕ ಬಂತೋ, ಏನೋ? ಯಾರಿಗೆ ಶಹಭಾಸ್ ಅನ್ನಬೇಕು ಅಂತ ಹೇಳುವುದೇ ನನ್ನ ಕೆಲಸ. ಅದನ್ನು ಹೇಳಲಾಗದೆ ಹೋದರೆ ಗಾಡಿಗಳು ಏನೂ ಕಲಿಯುವುದಿಲ್ಲ.

ನಮ್ಮ ತಂಡದ ಹಿರಿಯರು ಮೊದಲು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಎಲ್ಲರೂ ಮೇಷ್ಟ್ರು ಅನ್ನುತ್ತೇವೆ. "ಏನಮ್ಮಾ, ಯಾರು ಜಾಣ, ಯಾರು ದಡ್ಡ ಅಂತ ಗೊತ್ತಾಯ್ತಾ?" ಅಂತ ಆಗಾಗ ಬಂದು ಕೇಳುತ್ತಾರೆ. ಗೊತ್ತಾಗಿಲ್ಲ ಸರ್.

ಜುಲೈ 6

ಗುಬ್ಬಿ ಗುನುಗಿದಳು!

ಮಾತಲ್ಲ. ಬರೀ ರಾಗ. ಬಣ್ಣ ಹಚ್ಚುತ್ತ ಕೂತವಳ ಗಂಟಲಿಂದ ಹ್ಞೂ ಹ್ಞೂ ಅಂತ ಏನೋ ಬಂತು. ನಾನು ಬಾಗಿಲಲ್ಲಿ ಕಲ್ಲಾಗಿ ನಿಂತೆ. ನನ್ನನ್ನು ಕಂಡ ಕೂಡಲೇ ನಿಲ್ಲಿಸಿಬಿಟ್ಟಳು, ಆದರೂ ಪರವಾಗಿಲ್ಲ. ಅಡುಗೆಮನೆಗೆ ಓಡಿ ಬಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.

ಥೆರಪಿಸ್ಟ್ ಮೇಡಂಗೆ ಫೋನ್ ಮಾಡಿದೆ. "ನಾನು ಹೇಳಿರ್ಲಿಲ್ವಾ? ಉಸಿರಾಟ ಸರಿ ಹೋದ್ರೆ ಸ್ವರ ತಾನಾಗೇ ಬರತ್ತೆ." ಇವರಿಗೆ ಹೇಳಿದರೆ, "ನೀರಿಗೆ ಬಿದ್ದ ಮೇಲೆ ಮೈ ಸಡಿಲ ಆಗಿದೆ ಕಣೇ, ಅದಕ್ಕೇ," ಅಂದರು. ನನಗೆ ರೇಗಿತು. ದಿನಾ ಸಂಜೆ ಕಾರ್ಡು ಹಿಡಿದು ಗಂಟಲು ಹರಿದುಕೊಳ್ಳುವವಳು ನಾನು, ವಾರಕ್ಕೊಮ್ಮೆ ಕೊಳಕ್ಕೆ ಇಳಿಸಿ ಹತ್ತಿಸುವವರಿಗೆ ಹೆಸರು! ಅಂದೇ ಬಿಟ್ಟೆ. ಮಗು ಗುನುಗಿದ ದಿನ ನಾವಿಬ್ಬರೂ ಜಗಳವಾಡಿ ಮುಖ ಊದಿಸಿಕೊಂಡು ಮಲಗುತ್ತಿದ್ದೇವೆ.

ಅತ್ತೆಯನ್ನು ಕೇಳಿದೆ, "ನೀವು ಪಕ್ಕದಲ್ಲೇ ಇದ್ರಲ್ಲ, ಯಾವಾಗಿಂದ ಗುನುಗ್ತಿದಾಳೆ?"

"ಗುನುಗ್ತಿದ್ಲಾ?" ಅಂದರು. "ನನಗೆ ಜೊಂಪು ಹತ್ತಿತ್ತು ಅನ್ಸತ್ತೆ."

ಜುಲೈ 12

ದಾರಿ ಸಿಕ್ಕಿತು. ಎಷ್ಟು ಸರಳ ಅಂದರೆ ಇಷ್ಟು ದಿನ ಹೊಳೆಯಲಿಲ್ಲವಲ್ಲ ಅಂತ ನಾಚಿಕೆ.

ಒಂದೊಂದು ಗಾಡಿಯನ್ನೂ ಹಿಡಿದು ಒಂದೇ ಪ್ರಶ್ನೆ: ಇದು ಮಾಡಿದ್ದನ್ನು ಮಾಡದೆ ಸುಮ್ಮನೆ ನಿಂತಿದ್ದರೆ ಸಂಜೆಯ ಅಂಕ ಎಷ್ಟಾಗುತ್ತಿತ್ತು? ಉಳಿದವೆಲ್ಲ ಮಾಡಿದ್ದನ್ನೇ ಮಾಡಲಿ. ನಿಜವಾಗಿ ಬಂದ ಅಂಕಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು ಆ ಗಾಡಿಯ ಪಾಲು. ಮೂರನೆಯದು ಒಳ್ಳೆಯ ದುಡಿಮೆಗಾರ, ಹನ್ನೊಂದನೆಯದು ಪರವಾಗಿಲ್ಲ. ಏಳನೆಯದರ ಪಾಲು ಸೊನ್ನೆ. ಮತ್ತೆ ಮತ್ತೆ ಓಡಿಸಿದೆ, ಸೊನ್ನೆಯೇ. ಕಪಾಟುಗಳ ನಡುವಿನ ಇಕ್ಕಟ್ಟಿನ ಓಣಿಯ ಬಾಯಲ್ಲಿ ಹೋಗಿ ನಿಂತುಬಿಡುತ್ತದೆ ಸೋಮಾರಿ. ಇನ್ನೊಬ್ಬರು ಸುತ್ತು ಹಾಕಿಕೊಂಡು ಹೋಗಬೇಕು.

ಅದನ್ನು ತೆಗೆದು ಬೆಳಗ್ಗಿನ ಅರ್ಧ ದಿನದ ಕೆಲಸ ಓಡಿಸಿ ನೋಡಿದೆವು. ಏನೂ ಕೆಡಲಿಲ್ಲ. ಮೇಷ್ಟ್ರಿಗೆ ಖುಷಿಯೋ ಖುಷಿ. "ಹದಿಮೂರೇ ಸಾಕು ಅಂದ್ರೆ ಗೋದಾಮಿನವರು ಕುಣಿದಾಡ್ತಾರೆ," ಅಂದರು.

ಬಸ್ಸಿನಲ್ಲಿ ಬರುವಾಗ ಇದೇ ಪ್ರಶ್ನೆಯನ್ನು ಮನೆಗೆ ಹಾಕಿ ನೋಡಿದೆ. ಮೇಡಂ ಬಾರದೆ ಇದ್ದಿದ್ದರೆ? ಇವರು ಈಜಿಗೆ ಒಯ್ಯದೆ ಇದ್ದಿದ್ದರೆ? ನಾನು ಕಾರ್ಡು ಆಡಿಸದೆ ಇದ್ದಿದ್ದರೆ? ಒಬ್ಬೊಬ್ಬರದೂ ಏನೋ ಒಂದು ಪಾಲು ಇದ್ದೇ ಇದೆ. ಅತ್ತೆ ಏನೂ ಮಾಡದೆ ಸುಮ್ಮನೆ ಕೂತಿದ್ದರೆ? ಸುಮ್ಮನೆ ತಾನೇ ಕೂತಿರುವುದು. ನಗು ಬಂತು. ಪಕ್ಕದ ಸೀಟಿನವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಜುಲೈ 20

ಮೇಡಂ ಗುಬ್ಬಿಯ ಕೋಣೆಯಲ್ಲಿ ದೊಡ್ಡ ಕನ್ನಡಿ ಹಾಕಿಸಿ ಅಂದರು. ತುಟಿ ಹೇಗೆ ಆಡುತ್ತದೆ ಅಂತ ಮಗು ನೋಡಿಕೊಂಡು ಅಭ್ಯಾಸ ಮಾಡಬೇಕಂತೆ. ಕನ್ನಡಿ ಹಿಡಿಸುವ ಗೋಡೆ ಒಂದೇ, ಅತ್ತೆ ಒರಗುವ ಗೋಡೆ.

ಎರಡು ದಿನ ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತಿತ್ತು. ಇವತ್ತು ಹೇಳಿದೆ. "ಅತ್ತೆ, ನಿಮ್ಮ ಮಗಳೂ ಕರೀತಾನೇ ಇದಾಳೆ. ಸ್ವಲ್ಪ ದಿನ ಅಲ್ಲಿದ್ದು ಬರ್ತೀರಾ? ಇಲ್ಲಿ ನಿಮಗೂ ಬೇಜಾರು."

ಅವರು ನನ್ನ ಮುಖ ನೋಡಿದರು. "ನನಗೇನ್ ಬೇಜಾರಮ್ಮ? ಹೋಗ್ತೀನಿ ಬಿಡು. ಅಲ್ಲೂ ಕೂರೋಕೆ ಜಾಗ ಇದೆ."

ಚುಚ್ಚಿದರೋ, ಇದ್ದದ್ದನ್ನೇ ಹೇಳಿದರೋ ತಿಳಿಯಲಿಲ್ಲ. ಇವರು ಟ್ಯಾಕ್ಸಿ ಹತ್ತಿಸಿ ಬಂದರು, ನನ್ನ ಜೊತೆ ಮಾತಾಡಲಿಲ್ಲ. ಗುಬ್ಬಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಟಾಟಾ ಮಾಡು ಅಂದೆ, ಮಾಡಲಿಲ್ಲ. ಅವಳು ಈಗ ಯಾರಿಗೂ ಟಾಟಾ ಮಾಡುವುದಿಲ್ಲವಲ್ಲ.

ಜುಲೈ 22

ಕನ್ನಡಿ ಬಂತು. ಕೋಣೆ ದೊಡ್ಡದಾದ ಹಾಗೆ ಕಾಣುತ್ತದೆ.

ಆಗಸ್ಟ್ 14

ಗುನುಗುವುದು ನಿಂತುಹೋಗಿದೆ. ಯಾವಾಗ ನಿಂತಿತು ಅಂತಲೂ ಗೊತ್ತಿಲ್ಲ. ಹಲ್ಲು ನೋವು ನಿಂತ ಹಾಗೆ ಕೆಟ್ಟದ್ದು ನಿಂತರೂ ತಿಳಿಯುವುದಿಲ್ಲ, ಒಳ್ಳೆಯದು ನಿಂತರೂ ತಿಳಿಯುವುದಿಲ್ಲ. ಇವತ್ತು ಅಕಸ್ಮಾತ್ ಕಿವಿಗೊಟ್ಟಾಗ ಮನೆ ಗವ್ವೆನ್ನುತ್ತಿತ್ತು.

ಕನ್ನಡಿಗೆ ಬೆನ್ನು ಹಾಕಿ ಕೂರುತ್ತಾಳೆ. ಬಣ್ಣದ ಡಬ್ಬಿ ಮುಟ್ಟಿಲ್ಲ. ಊಟಕ್ಕೆ ಎತ್ತಿ ತಂದು ಕೂರಿಸಬೇಕು. ಥಂಡಿ ಆಯಿತೇನೋ ಅಂತ ಈಜು ನಿಲ್ಲಿಸಿದೆವು. ಮೇಡಂ ಅಭ್ಯಾಸ ಬದಲಾಯಿಸಿದರು. ನಾನು ಕಾರ್ಡಿನ ಆಟ ಎರಡು ಪಟ್ಟು ಮಾಡಿದೆ. ನಿನ್ನೆ ಕಾರ್ಡು ತೆಗೆದ ಕೂಡಲೇ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು.

ಶಾಲೆಯ ಹೆಡ್ ಮೇಡಂ ಕರೆಸಿದ್ದರು. ಬಹಳ ಮೃದುವಾಗಿ ಮಾತಾಡಿದರು, ಅದೇ ಭಯ. "ವರ್ಷದ ಕೊನೆಯವರೆಗೂ ನೋಡೋಣ. ಆಮೇಲೆ ಬೇರೆ ಥರದ ಶಾಲೆ ಯೋಚನೆ ಮಾಡಿ. ಅವಳಿಗೂ ಅದೇ ಒಳ್ಳೇದು." ಹೊರಗೆ ಬಂದಾಗ ಗುಬ್ಬಿ ಮೆಟ್ಟಿಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ವಯಸ್ಸಿನ ಇಬ್ಬರು ಹುಡುಗಿಯರು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು. ನಡುವೆ ಇವಳು ಒಂದು ಬ್ಯಾಗಿನ ಹಾಗೆ.

ಆಗಸ್ಟ್ 29

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಆಫೀಸಿನಲ್ಲಿ ಒಂದು ಗಾಡಿ ವಿಚಿತ್ರವಾಗಿ ಆಡುತ್ತಿತ್ತು. ಪೆಟ್ಟಿಗೆ ಇಳಿಸಿದ ಮೇಲೆ ಬಾಗಿಲ ಬಳಿ ಗಿರ್‍ರನೆ ಒಂದು ಸುತ್ತು ತಿರುಗುವುದು. ಯಾಕೆ ಅಂತ ಹಿಂದಕ್ಕೆ ಹೋಗಿ ನೋಡಿದೆ. ಅಂಕ ಬರುವುದು ತಡವಾಗಿ. ಅಂಕ ಬಿದ್ದ ಗಳಿಗೆಯಲ್ಲಿ ಅದು ಏನು ಮಾಡುತ್ತಿತ್ತೋ, ಅದರಿಂದಲೇ ಬಂತು ಅಂದುಕೊಂಡಿದೆ. ಅಷ್ಟು ದೂರದಿಂದ ಹೊತ್ತು ತಂದದ್ದೆಲ್ಲ ಲೆಕ್ಕಕ್ಕಿಲ್ಲ, ಕೊನೆಗೆ ತಿರುಗಿದ ಸುತ್ತಿಗೆ ಶಹಭಾಸ್. ನಮ್ಮ ಕೆಲಸದಲ್ಲಿ ದಿನಾ ಆಗುವ ತಪ್ಪು. ನಗುತ್ತಾ ಮೇಷ್ಟ್ರಿಗೆ ತೋರಿಸುತ್ತಿದ್ದೆ. ನಗು ಅರ್ಧಕ್ಕೇ ನಿಂತಿತು.

ಲಿಫ್ಟಿನಲ್ಲಿ ಗುಬ್ಬಿ ಕೂಗಿದಳು. ಅಮ್ಮಾ ಅಂತ ಕೂಗಿರುತ್ತಾಳೆ, ಇನ್ನೇನು ಕೂಗುತ್ತಾಳೆ? ಗಂಟಲು ಊದುವಷ್ಟು ಕೂಗಿದಳು. ಯಾರೂ ಬರಲಿಲ್ಲ. ಸುಸ್ತಾಗಿ ಸುಮ್ಮನಾದಳು. ಸುಮ್ಮನಾದ ಮೇಲೆ ಬಾಗಿಲು ತೆರೆಯಿತು, ಬೆಳಕು ಬಂತು, ಎಲ್ಲರೂ ತಲೆ ಸವರಿದರು, ಜಾಣೆ ಅಂದರು, ಚಾಕೊಲೇಟು ಕೊಟ್ಟರು.

ಕೂಗಿದರೆ ಏನೂ ಸಿಗುವುದಿಲ್ಲ. ಸುಮ್ಮನಿದ್ದರೆ ಬಾಗಿಲು ತೆರೆಯುತ್ತದೆ. ನನ್ನ ಮಗಳು ಕಲಿತದ್ದು ಇದು. ಚೆನ್ನಾಗಿ ಕಲಿತಿದ್ದಾಳೆ.

ಮೇಷ್ಟ್ರು "ಯಾಕಮ್ಮಾ, ಹುಷಾರಿಲ್ವಾ?" ಅಂದರು. ತಲೆ ಸುತ್ತು ಅಂದೆ.

ಸೆಪ್ಟೆಂಬರ್ 3

ಗೊತ್ತಾಯಿತಲ್ಲ, ಇನ್ನು ಸರಿ ಮಾಡಬಹುದು ಅಂದುಕೊಂಡೆ. ಕಲಿತದ್ದನ್ನು ಬಿಡಿಸಬೇಕು ಅಂದರೆ ಸುಮ್ಮನಿದ್ದರೆ ಏನೂ ಸಿಗಬಾರದು, ಬಾಯಿ ಬಿಟ್ಟರೆ ಮಾತ್ರ ಸಿಗಬೇಕು. ಗಾಡಿಗಳಿಗಾದರೆ ಹಾಗೇ ಮಾಡುತ್ತೇನೆ. ರಜೆ ಹಾಕಿದೆ. ಇವರು ಕೆಲಸಕ್ಕೆ ಹೋಗುವವರೆಗೂ ಕಾದೆ.

ಮಧ್ಯಾಹ್ನ ಗುಬ್ಬಿ ಖಾಲಿ ಲೋಟ ಹಿಡಿದು ಬಂದು ನನ್ನ ಮುಂದೆ ನಿಂತಳು. ನೀರು ಬೇಕು. ಯಾವಾಗಲೂ ಹಾಗೆ ನಿಂತರೆ ಕೊಡುತ್ತೇವೆ.

"ಏನ್ ಬೇಕು ಚಿನ್ನ?" ಅಂದೆ. ಲೋಟ ಮುಂದೆ ಚಾಚಿದಳು. "ಹೇಳು, ಕೊಡ್ತೀನಿ. ಒಂದೇ ಒಂದು ಸಲ. ನೀರು ಅನ್ನು, ಬರೀ ನೀ ಅಂದ್ರೂ ಸಾಕು."

ನಿಂತೇ ಇದ್ದಳು. ನಾನೂ ನಿಂತೆ. ಕುಡಿಯುವ ನೀರಿನ ಜಗ್ಗು ನನ್ನ ಬೆನ್ನ ಹಿಂದಿತ್ತು. "ಅಮ್ಮ ಇಲ್ಲೇ ಇದೀನಲ್ಲ, ಕೇಳಿದ್ರೆ ತಕ್ಷಣ ಕೊಡ್ತೀನಿ," ಅಂದೆ. ಗೋಗರೆದೆ. ಆಮೇಲೆ ಗದರಿದೆ. ನನ್ನ ಧ್ವನಿ ನನಗೇ ಗುರುತು ಹತ್ತಲಿಲ್ಲ. ಅವಳ ತುಟಿ ಒಣಗಿತ್ತು, ಕಣ್ಣು ನನ್ನ ಮೇಲಿಂದ ಕದಲಲಿಲ್ಲ. ಕೋಪವೂ ಇಲ್ಲ, ಅಳುವೂ ಇಲ್ಲ. ಲಿಫ್ಟಿನ ಬಾಗಿಲು ತೆರೆದಾಗ ಇದ್ದ ಅದೇ ಮುಖ. ಬಾಗಿಲು ತೆರೆಯಲಿ ಅಂತ ಕಾಯುತ್ತಿದ್ದಳು.

ಕೊನೆಗೆ ತಿರುಗಿ ಬಚ್ಚಲಿಗೆ ಹೋಗಿ, ಬಕೆಟ್ಟಿನ ನೀರನ್ನು ಲೋಟದಲ್ಲಿ ಎತ್ತಿ ಕುಡಿದಳು.

ಅಯ್ಯೋ, ನಾನೇನು ಮಾಡಿದೆ. ಇಷ್ಟು ದಿನ ಬರೀ ಕೂಗಿದರೆ ಯಾರೂ ಬರುವುದಿಲ್ಲ ಅಂತ ಕಲಿತಿದ್ದಳು. ಇವತ್ತು ಅಮ್ಮನ ಮುಂದೆ ನಿಂತರೂ ಸಿಗುವುದಿಲ್ಲ ಅಂತ ಕಲಿಸಿದೆ.

ಸೆಪ್ಟೆಂಬರ್ 4

ಇವರಿಗೆ ಹೇಳಿಲ್ಲ. ಹೇಳುವ ಧೈರ್ಯವಿಲ್ಲ.

ಗುಬ್ಬಿಗೆ ಜ್ವರ. ನೀರಿನ ಲೋಟ ಹಾಸಿಗೆಯ ಪಕ್ಕ ಇಟ್ಟಿದ್ದೇನೆ, ಮುಗಿಯುವ ಮೊದಲೇ ತುಂಬಿಸುತ್ತಿದ್ದೇನೆ.

ಸೆಪ್ಟೆಂಬರ್ 11

ಜ್ವರ ಇಳಿದಿದೆ. ಇವತ್ತು ನಿಜವಾದ ಗೋದಾಮಿನಲ್ಲಿ ಹದಿಮೂರು ಗಾಡಿಗಳ ಮೊದಲ ದಿನ.

ಬೆಳಗ್ಗೆಯೆಲ್ಲ ನೀಟಾಗಿ ಓಡಿದವು. ಗೋದಾಮಿನ ಮ್ಯಾನೇಜರು ಕೈ ಕಟ್ಟಿ ನಿಂತು ತಲೆದೂಗುತ್ತಿದ್ದರು. ಸಂಜೆ ಮುಂದೆ ಲಾರಿಗಳು ಒಟ್ಟಿಗೆ ಬಂದು ಕೆಲಸ ಏರಿದಾಗ ಇಕ್ಕಟ್ಟಿನ ಓಣಿಗೆ ಆ ಕಡೆಯಿಂದ ಮೂರು, ಈ ಕಡೆಯಿಂದ ಎರಡು ನುಗ್ಗಿದವು. ಮೂತಿಗೆ ಮೂತಿ ಕೊಟ್ಟು ನಿಂತವು. ಹಿಂದಿನಿಂದ ಬಂದವು ಅವುಗಳ ಬೆನ್ನಿಗೆ ನಿಂತವು. ಇಡೀ ಗೋದಾಮು ಗಂಟು ಬಿತ್ತು. ಮ್ಯಾನೇಜರು ಹೊರಟು ಹೋದರು. ಮೇಷ್ಟ್ರ ಮುಖ ಕೆಂಡವಾಗಿತ್ತು.

ಹಳೆಯ ಓಟಗಳನ್ನು ಹಾಕಿ ನೋಡುತ್ತ ಕೂತೆ. ಏಳನೇ ಗಾಡಿ ಓಣಿಯ ಬಾಯಲ್ಲಿ ನಿಂತಿದೆ. ಈ ಕಡೆಯದು ಅದನ್ನು ಕಂಡು ತಡೆಯುತ್ತದೆ, ಆ ಕಡೆಯಿಂದ ಬಂದದ್ದು ಹೊರಬಿದ್ದ ಮೇಲೆ ಅದನ್ನು ಸುತ್ತಿ ಒಳಗೆ ಹೋಗುತ್ತದೆ. ಏಳನೆಯದು ಮಾತ್ರ ಕದಲುವುದಿಲ್ಲ. ಸೋಮಾರಿಯಲ್ಲ, ಕಾವಲು. ಯಾರೂ ಹೇಳಿಕೊಡದೆ ತಾನೇ ಕಲಿತ ಕೆಲಸ.

ಮತ್ತೆ ಸೊನ್ನೆ ಯಾಕೆ ಬಂತು? ಮೇಷ್ಟ್ರು ಕೇಳಿದರು. ಕಣ್ಣ ಮುಂದೇ ಇತ್ತು. ಎಲ್ಲ ಗಾಡಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ, ಇದು ಸುಮ್ಮನೆ ನಿಂತಿದ್ದರೆ ಏನಾಗುತ್ತಿತ್ತು ಅಂತ. ಏಳನೆಯದರ ಕೆಲಸವೇ ಸುಮ್ಮನೆ ನಿಲ್ಲುವುದು. ಅದನ್ನು ನಾನು ಅದರ ಜೊತೆಗೇ ಹೋಲಿಸಿದ್ದೆ. ಸೊನ್ನೆ ಬಾರದೆ ಇನ್ನೇನು ಬರುತ್ತದೆ? ಅದು ಬೇರೆ ಏನೇನು ಮಾಡಬಹುದಿತ್ತೋ, ಎಲ್ಲೆಲ್ಲಿ ಓಡಿಹೋಗಬಹುದಿತ್ತೋ ಅದೆಲ್ಲದರ ಜೊತೆ ಹೋಲಿಸಬೇಕಿತ್ತು. ಎದ್ದು ಹೋಗಬಹುದಾಗಿದ್ದರೂ ನಿಂತಿತ್ತಲ್ಲ, ಅದಕ್ಕೆ ಬೆಲೆ ಕಟ್ಟಬೇಕಿತ್ತು.

ಮೇಷ್ಟ್ರು ಏನೋ ಹೇಳುತ್ತಲೇ ಇದ್ದರು. ನನಗೆ ಒಂದೂ ಕೇಳಿಸಲಿಲ್ಲ. ಅತ್ತೆಯನ್ನು ನೆನೆದು ಬಸ್ಸಿನಲ್ಲಿ ಆ ದಿನ ನಕ್ಕಿದ್ದೆನಲ್ಲ, ಅದೇ ಕಿವಿಯಲ್ಲಿ.

ಸೆಪ್ಟೆಂಬರ್ 13

ನಾದಿನಿಯ ಮನೆಗೆ ಹೋದೆ. ಅತ್ತೆ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದರು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಯಿತು. ಅಳು ಬಂದುಬಿಟ್ಟಿತು. ನೀರಿನ ಲೋಟದ ವಿಷಯ ಅವರಿಗೆ ಹೇಳಿದೆ. ಗಂಡನಿಗೂ ಹೇಳದ್ದನ್ನು.

ಅವರು ಬೈಯಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ಟವೆಲ್ಲು ಮಡಚಿ ಮುಗಿಸಿದರು.

"ಬನ್ನಿ ಅತ್ತೆ," ಅಂದೆ.

"ನಾನು ಬಂದು ಏನ್ ಮಾಡ್ಲಿ? ನಿಂಗೇ ಗೊತ್ತಲ್ಲ, ನಾನು ಸುಮ್ನೆ ಕೂರೋಳು."

"ಸುಮ್ನೆ ಕೂರೋಕೇ ಬನ್ನಿ."

"ತಮಾಷೆ ಮಾಡ್ತಿದೀಯಾ?"

"ಇಲ್ಲ ಅತ್ತೆ. ನಿಮ್ಮಾಣೆ."

ಮಡಚಿದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಕಳಿಸಿದ ದಿನ ನಂಗೆ ತುಂಬಾ ನೋವಾಯ್ತು ಕಣಮ್ಮ. ಹೇಳ್ಬಿಡ್ತೀನಿ, ಹೊಟ್ಟೇಲಿ ಇಟ್ಕೊಳ್ಳಲ್ಲ," ಅಂದರು. ತಲೆ ತಗ್ಗಿಸಿದೆ. ಆಮೇಲೆ ಮಂಡಿ ಹಿಡಿದು ಎದ್ದರು. "ನೆಲದ ಮೇಲೆ ಇನ್ನು ಆಗಲ್ಲ. ಕುರ್ಚಿ ಹಾಕು. ಕೈ ಇರೋ ಕುರ್ಚಿ."

ಅಕ್ಟೋಬರ್ 2

ಕನ್ನಡಿ ತೆಗೆಸಿ ಆಯಿತು, ಕೈ ಇರುವ ಕುರ್ಚಿ ಬಂತು, ಅತ್ತೆ ಕೂತದ್ದೂ ಆಯಿತು. ಏನೂ ಆಗಿಲ್ಲ. ಅವರು ಬಂದ ದಿನ ಗುಬ್ಬಿ ತನ್ನ ಬಣ್ಣದ ಡಬ್ಬಿಯನ್ನು ಅವರ ಕಾಲು ಇಡುವ ಜಾಗದಿಂದ ಪಕ್ಕಕ್ಕೆ ಸರಿಸಿದಳು. ಅಷ್ಟೇ. ಒಂದು ಹ್ಞೂ ಕೂಡ ಇಲ್ಲ.

ನನ್ನ ಲೆಕ್ಕವೇ ತಪ್ಪಿರಬಹುದು. ಗಾಡಿಗೂ ಮನುಷ್ಯರಿಗೂ ಏನು ಸಂಬಂಧ? ಏಳನೆಯದನ್ನು ವಾಪಸು ಹಾಕಿದ ಮರುದಿನವೇ ಗೋದಾಮು ಸರಿಹೋಯಿತು. ಇಲ್ಲಿ ವಾರಗಳೇ ಕಳೆದವು. ಹೆಡ್ ಮೇಡಂ ಇನ್ನೊಂದು ಶಾಲೆಯ ವಿಳಾಸ ಕಳಿಸಿದ್ದಾರೆ. ಇನ್ನು ಈ ಮನೆಯಲ್ಲಿ ಅವಳ ದನಿ ಕೇಳುವುದೇ ಇಲ್ಲವೇನೋ. ಹಳೆಯ ವಿಡಿಯೋಗಳಲ್ಲಿ ಅವಳು ಮಾತಾಡುವುದನ್ನು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಕೇಳುತ್ತೇನೆ. ಅದರಲ್ಲಿ ಬರೀ ನನ್ನ ಬೈಗುಳ, ಒಂದು ನಿಮಿಷ ಬಾಯಿ ಮುಚ್ಚೇ ಅಂತ.

ಇವತ್ತು ತಡೆಯಲಾಗದೆ ಅತ್ತೆಯ ಮುಂದೆ ಹೋಗಿ ನಿಂತೆ. "ಏನಾದ್ರೂ ಮಾಡಿ ಅತ್ತೆ!"

"ಏನ್ ಮಾಡ್ಲಿ?"

"ಆವಾಗ ಏನ್ ಮಾಡ್ತಿದ್ರಿ?"

"ಏನೂ ಮಾಡ್ತಿರ್ಲಿಲ್ವಲ್ಲ."

"ಅದನ್ನೇ ಮಾಡಿ ಮತ್ತೆ!"

"ಅದನ್ನೇ ಮಾಡ್ತಿದೀನಲ್ಲೇ," ಅಂದರು ಪಾಪ, ಗಾಬರಿಯಾಗಿ.

ಅಡುಗೆಮನೆಗೆ ಬಂದು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಗೋಡೆಗೆ ಹಣೆ ಒತ್ತಿ ನಿಂತಿದ್ದೆ.

ಅಕ್ಟೋಬರ್ 19

ಅತ್ತೆಯ ಮಂಡಿ ತೋರಿಸಲು ಇವರು ಆಸ್ಪತ್ರೆಗೆ ಕರೆದೊಯ್ದರು. ಕುರ್ಚಿಯಲ್ಲಿ ನಾನು ಕೂತೆ. ಲ್ಯಾಪ್‌ಟಾಪ್ ತೆಗೆದೆ, ಗುಬ್ಬಿ ಒಮ್ಮೆ ನೋಡಿದಳು, ಮುಚ್ಚಿಟ್ಟೆ. ಕಾರ್ಡಿನ ಡಬ್ಬ ಕಪಾಟಿನ ಮೇಲೆ ಧೂಳು ಹಿಡಿದಿದೆ. ಇಳಿಸಲಿಲ್ಲ.

ಅವಳು ಬಣ್ಣ ಹಚ್ಚುತ್ತಿದ್ದಳು. ಕಿಟಕಿಯ ಬಿಸಿಲು ಅವಳ ಕೈ ಮೇಲಿತ್ತು, ಆಮೇಲೆ ನೆಲದ ಮೇಲೆ ಬಂತು. ಕೆಲಸವೆಲ್ಲ ಹಾಗೇ ಉಳಿಯಿತು. ಒಂದು ದಿನ ದಂಡ.

ಅಕ್ಟೋಬರ್ 27

ಇವತ್ತೂ ಸ್ವಲ್ಪ ಹೊತ್ತು ಕೂತಿದ್ದೆ. ಅತ್ತೆ ಕುರ್ಚಿಯಲ್ಲಿ, ನಾನು ನೆಲದ ಮೇಲೆ. ಬರೆಯುವಂಥದ್ದು ಏನೂ ಇಲ್ಲ.

ನವೆಂಬರ್ 8

ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಗುಬ್ಬಿಯ ಕೋಣೆಯ ಮುಂದೆ ಹೋಗುತ್ತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಅತ್ತೆಯ ಗೊರಕೆ, ಎಂದಿನಂತೆ, ಹಳೆಯ ಮಿಕ್ಸಿ ತಿರುಗಿದ ಹಾಗೆ.

"ಅಜ್ಜೀ, ಗೊರಕೆ ಹೊಡೀಬೇಡ."

ಒರಟು ದನಿ, ಉಪಯೋಗಿಸದೆ ತುಕ್ಕು ಹಿಡಿದದ್ದು. ಯಾರ ದನಿ ಅಂತ ನನಗೆ ಮೊದಲು ತಿಳಿಯಲೇ ಇಲ್ಲ.

ಗೊರಕೆ ನಿಂತಿತು. "ನಾನೆಲ್ಲಿ ಹೊಡೀತಿದ್ದೆ?" ಅಂದರು ಅತ್ತೆ, ತಟ್ಟನೆ, ದಿನಾ ಹೀಗೇ ಮಾತಾಡಿಕೊಳ್ಳುವವರ ಹಾಗೆ.

"ಹೊಡೀತಿದ್ದೆ."

"ಸುಳ್ಳಿ."

"ನೀನೇ ಸುಳ್ಳಿ."

ಆಮೇಲೆ ಕ್ರೇಯಾನ್ ಕಾಗದಕ್ಕೆ ತಾಗುವ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಗೊರಕೆ, ಈ ಸಲ ಬೇಕೆಂದೇ ಜೋರಾಗಿ. ಗುಬ್ಬಿ ಕಿಸಕ್ಕನೆ ನಕ್ಕಳು.

ಇಷ್ಟು ತಿಂಗಳು ದಿನಾ ಕನಸು ಕಂಡಿದ್ದೆ, ಮೊದಲ ಮಾತು ನನಗೆ ಹೇಳುತ್ತಾಳೆ, ನಾನು ಬಾಚಿ ತಬ್ಬಿಕೊಳ್ಳುತ್ತೇನೆ ಅಂತ. ಕೈಯಲ್ಲಿ ಒದ್ದೆ ಬಟ್ಟೆ ತುಂಬಿದ ಬಕೆಟ್ಟು. ಕೆಳಗಿಟ್ಟರೆ ಸದ್ದಾಗುತ್ತದೆ. ಹಿಡಿದೇ ನಿಂತೆ. ಒಳಗೆ ಹೋಗಲಿಲ್ಲ.

ನವೆಂಬರ್ 9

ಮೇಡಂ ಫೋನಿನಲ್ಲಿ, "ಅಭ್ಯಾಸ ಬದಲಾಯಿಸಿದ್ದು ಒಳ್ಳೇದಾಯ್ತು ನೋಡಿ," ಅಂದರು. ಹೌದು ಮೇಡಂ ಅಂದೆ. ಇವರು ಕಣ್ಣು ಒರೆಸಿಕೊಳ್ಳುತ್ತ, "ಈಜು ಬಿಡಿಸಬಾರದಿತ್ತು, ಇನ್ನೂ ಬೇಗ ಬರ್ತಿತ್ತು," ಅಂದರು. ಹೌದು ರೀ ಅಂದೆ. ಅತ್ತೆಗೆ ಕಾಫಿ ಕೊಡುತ್ತ, "ಏನಾಯ್ತು ಅತ್ತೆ ನಿನ್ನೆ?" ಅಂತ ಕೇಳಿದೆ.

"ಏನಿಲ್ಲಮ್ಮ. ನಿದ್ದೆ ಕೆಡಿಸಿದ್ಲು."

ಆಫೀಸಿನಲ್ಲಿ ಮೇಷ್ಟ್ರು ಹೊಸ ಲೆಕ್ಕದ ಪಟ್ಟಿ ಕೇಳಿದರು, ಯಾವ ಗಾಡಿಯ ಪಾಲು ಎಷ್ಟು ಅಂತ. ನಾಳೆ ಕೊಡುತ್ತೇನೆ ಅಂದೆ. ಬೇಗ ಹೊರಟು ಬಂದೆ.

ನವೆಂಬರ್ 15

ಸ್ನಾನಕ್ಕಿಳಿದಿದ್ದೆ. ತಲೆಗೆ ಶಾಂಪೂ, ಮುಖಕ್ಕೆ ಸೋಪು.

"ಅಮ್ಮಾ."

ಜೋರಾಗಿ ಅಲ್ಲ. ಹೌದೋ ಅಲ್ಲವೋ ಅನ್ನುವಷ್ಟು ಮೆಲ್ಲಗೆ, ಬಾಗಿಲಿನ ಆಚೆ ಎಲ್ಲೋ. ಟವೆಲ್ಲು ಸುತ್ತಿಕೊಂಡು ಓಡಿದೆ. ಕಣ್ಣಿಗೆ ಸೋಪು ಹೋಗಿ ಏನೂ ಕಾಣುತ್ತಿರಲಿಲ್ಲ, ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು, ನೆಲವೆಲ್ಲ ನೀರು. "ಬಂದೆ! ಬಂದೆ ಚಿನ್ನ! ಏನಾಯ್ತು?"

ಗುಬ್ಬಿ ಹಾಲ್‌ನ ನಡುವೆ ನಿಂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಬಿದ್ದಿರಲಿಲ್ಲ, ಹೆದರಿರಲಿಲ್ಲ. ನೊರೆ ಸುರಿಯುತ್ತಿದ್ದ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಏನಿಲ್ಲ," ಅಂದಳು. "ಸುಮ್ನೆ ಕರ್ದೆ."

ವಾಪಸು ಹೋಗಿ ನೀರು ಹಾಕಿಕೊಂಡೆ. ಮತ್ತೆ ಕರೆದಳು, ಮತ್ತೆ ಹೋದೆ. ಊಟದ ಹೊತ್ತಿನಲ್ಲಿ ಕರೆದಳು, ಫೋನಿನಲ್ಲಿದ್ದಾಗ ಕರೆದಳು, ಮೇಷ್ಟ್ರ ಮಾತನ್ನು ಅರ್ಧಕ್ಕೆ ಬಿಟ್ಟು ಹೋದೆ. ಪ್ರತಿ ಸಲವೂ ಏನಿಲ್ಲ. ಪ್ರತಿ ಸಲವೂ ಬಂದೆ.

ಈಗ ಇಷ್ಟು ಬರೆಯುವಷ್ಟರಲ್ಲಿ ಮತ್ತೆ